ಸಂಡಿಗೆ ಇಟ್ಟ ದಿನ ಕೊಟ್ಟ ರಕ್ತ

ಅಕ್ಕನ ರಕ್ತ ಕೊಡಿಸಲು ವಿಜಯನಗರಕ್ಕೆ ಹೋಗುತ್ತಿದ್ದ ಬೆಳಗುಗಳು ಈಗ ಮುಗಿದಿವೆ. ಮುಗಿದದ್ದಕ್ಕೆ ಸಂತೋಷಪಡಬೇಕು, ಪಟ್ಟಿದ್ದೇನೆ, ಮನೆದೇವರಿಗೆ ಕಾಯಿಯನ್ನೂ ಒಡೆಸಿದ್ದೇನೆ. ಆದರೂ ಕೆಲವು ದಿನ ಎಚ್ಚರವಾದ ಕೂಡಲೇ, ಇವತ್ತು ಹೋಗುವ ದಿನವೇನೋ ಎಂದು ಮನಸ್ಸು ಒಮ್ಮೆ ಎದ್ದು ಕೂರುತ್ತದೆ. ಕ್ಯಾನ್ಸರ್ ಪರೀಕ್ಷೆಯ ದಿನಗಳನ್ನು ನೆನೆದು ಹಂಬಲಿಸುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಹೆಂಡತಿಗೆ ಇದನ್ನು ಹೇಳಿದಾಗ, ಹೊರಗೆ ಯಾರ ಹತ್ತಿರವೂ ಹೀಗೆಲ್ಲ ಅನ್ನಬೇಡಿ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ಹಿರಿಯಳು. ನಾವು ಬೆಳೆದದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ಕಾರ್ಖಾನೆಯ ಸೈರನ್ ಕೇಳಿ ಅಮ್ಮ ಅಕ್ಕಿ ತೊಳೆಯುತ್ತಿದ್ದ ಕಾಲದಲ್ಲಿ. ಅಪ್ಪ ಹೋಗುತ್ತಿದ್ದ ಇಂಡಸ್ಟ್ರಿಯಲ್ ಎಸ್ಟೇಟಿಗೇ ಮುಂದೆ ನಾನೂ ಹೋದೆ. ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಫೇಲು ಮಾಡುವ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂತು, ಶಾಲು ಹೊದಿಸಿಕೊಂಡು ನಿವೃತ್ತನಾದೆ. ಅಕ್ಕ ಮದುವೆಯಾಗಿ ವಿಜಯನಗರಕ್ಕೆ ಹೋದಳು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಮಗ ಸೊಸೆ ಜೊತೆಗಿದ್ದಾರೆ, ಒಳ್ಳೆಯವರು. ಆದರೆ ಇಬ್ಬರೂ ಬೆಳಗ್ಗೆ ಬೇಗ ಮನೆ ಬಿಡಬೇಕಾದ ಕೆಲಸದವರು. ಹಾಗಾಗಿ ಅಕ್ಕನನ್ನು ಲ್ಯಾಬಿಗೆ ಕರೆದೊಯ್ಯುವ ಅಧಿಕಾರ ನಿವೃತ್ತ ತಮ್ಮನ ಪಾಲಿಗೆ ಬಂತು. ಈ ಹುದ್ದೆಗೆ ಅರ್ಜಿ ಹಾಕಿದವರು ಬೇರೆ ಯಾರೂ ಇರಲಿಲ್ಲ.

ಕಾಯಿಲೆಯನ್ನು ಮೊದಲು ಹಿಡಿದುಕೊಟ್ಟದ್ದೂ ರಕ್ತವೇ. ಒಂದು ವರ್ಷ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು, ಮುಖ ಬಿಳಿಚಿಕೊಂಡಿತು. ಪರೀಕ್ಷೆ ಮಾಡಿಸಿದರೆ ರಕ್ತ ಕಡಿಮೆ ಎಂದು ಬಂತು. ನಮ್ಮ ನೆಂಟರಲ್ಲಿ ರಕ್ತ ಕಡಿಮೆ ಎನ್ನುವುದಕ್ಕಿಂತ ಉತ್ಸಾಹ ತರುವ ಸುದ್ದಿ ಇನ್ನೊಂದಿಲ್ಲ. ಬೀಟ್‌ರೂಟ್ ತಂದವರು, ಖರ್ಜೂರ ತಂದವರು, ನುಗ್ಗೆಸೊಪ್ಪಿನ ಕಟ್ಟು ಹಿಡಿದು ಬಂದವರು, ರಾಗಿ ಅಂಬಲಿಯ ಮಹಾತ್ಮೆ ಹೇಳಿ ಕಾಫಿ ಕುಡಿದು ಹೋದವರು. ಅಕ್ಕ ಶ್ರದ್ಧೆಯಿಂದ ಎಲ್ಲವನ್ನೂ ತಿಂದಳು. ನಾಲಿಗೆ ಕೆಂಪಗಾಯಿತು, ರಕ್ತ ಹೆಚ್ಚಲಿಲ್ಲ. ಆಮೇಲೆ ತೋರಿಸಿದ ಡಾಕ್ಟರೊಬ್ಬರು ರಿಪೋರ್ಟ್ ನೋಡಿ, ರಕ್ತ ಕಡಿಮೆಯಾಗಿದೆ ಸರಿ, ಅದು ಹೋಗುತ್ತಿರುವುದು ಎಲ್ಲಿಗೆ ಎಂದು ಕೇಳಿದರು. ಅಷ್ಟು ಜನ ಪಂಡಿತರಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಟ್ಯಾಂಕಿನ ನೀರು ಇಳಿಯುತ್ತಿದೆ ಎಂದು ಮೋಟರ್ ಹಾಕುತ್ತಲೇ ಇದ್ದೆವು, ಪೈಪು ಎಲ್ಲಿ ಸೋರುತ್ತಿದೆ ಎಂದು ನೋಡಿರಲಿಲ್ಲ. ನೋಡಿದರೆ ದೊಡ್ಡ ಕರುಳಿನಲ್ಲಿ ಗಡ್ಡೆ.

ನಾವು ಚಿಕ್ಕವರಿದ್ದಾಗ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಕ್ಕದ ರಸ್ತೆಯ ಒಬ್ಬರಿಗೆ ಬಂದಾಗ ಅಮ್ಮ ಹಿತ್ತಲಲ್ಲಿ ನಿಂತು ಇನ್ನೊಬ್ಬಾಕೆಗೆ "ಅವರಿಗೆ ಅದು ಅಂತೆ" ಎಂದಿದ್ದಳು. ಈಗ ಆಟೋದ ಹಿಂದೆಯೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಬೇಗ ಪತ್ತೆ ಮಾಡಿಸಿ ಎಂದು. ಅಕ್ಕ ಮಾತ್ರ ಅಮ್ಮನ ಪದ್ಧತಿ ಬಿಡಲಿಲ್ಲ. ಆಪರೇಷನ್ ಆಯಿತು, ಕೀಮೋ ಆಯಿತು, ತೆಳ್ಳಗಾದ ಕೂದಲು ಮತ್ತೆ ಬಂತು. ಇಷ್ಟು ಆದಮೇಲೂ ಅವಳಿಗೆ ಅದು 'ಅದು'. ನಿಗಾ ಇಡಲು ಮಾಡಿಸುವ ರಕ್ತಪರೀಕ್ಷೆ 'ಅದರ ಟೆಸ್ಟು'.

ಡಾಕ್ಟರ ಭಾಷೆಯಲ್ಲಿ ಅದಕ್ಕೆ ಸಿಇಎ ಎಂದು ಹೆಸರು. ನಮ್ಮ ಡಾಕ್ಟರು ನಿಧಾನವಾಗಿ ಮಾತಾಡುವ ಹೆಂಗಸು, ನನ್ನ ಮಗಳ ವಯಸ್ಸಿನವರು. ಅವರು ವಿವರಿಸಿದ ಪ್ರಕಾರ, ಈ ಕಾಯಿಲೆ ಮರಳಿ ತಲೆ ಎತ್ತಿದರೆ ರಕ್ತದಲ್ಲಿ ಒಂದು ಅಂಶ ಏರತೊಡಗುತ್ತದೆ. ಹಾಗಾಗಿ ಮೊದಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಅದನ್ನು ಅಳೆಯುತ್ತಾ ಇರಬೇಕು. ಐದರೊಳಗಿದ್ದರೆ ನೆಮ್ಮದಿ. ಒಂದು ಸಲ ಏರಿದ ಮಾತ್ರಕ್ಕೆ ತೀರ್ಪಲ್ಲ, ಏರುತ್ತಲೇ ಹೋದರೆ ಹುಡುಕಬೇಕು. ನಾನು ತಲೆ ಆಡಿಸಿದೆ. ಹೊರಗೆ ಬಂದಮೇಲೆ ಅಕ್ಕ ನನಗೆ ಅರ್ಥವಾಗಿಲ್ಲವೇನೋ ಎಂದುಕೊಂಡು ತಾನೇ ಬಿಡಿಸಿ ಹೇಳಿದಳು.

"ಒಲೆ ಮೇಲೆ ಹಾಲಿಟ್ಟು ಮುಂದೆ ನಿಂತಿರೋ ಹಾಗೆ ಕಣೋ. ನೋಡ್ತಾ ನಿಂತಿದ್ರೆ ಉಕ್ಕಲ್ಲ. ಆ ಕಡೆ ತಿರುಗಿದ್ರೆ ಉಕ್ಕುತ್ತೆ."

ಹೀಗೆ ನಾವಿಬ್ಬರೂ ಹಾಲಿನ ಮುಂದೆ ನಿಂತೆವು.

ಪರೀಕ್ಷೆಯ ದಿನ ನಾನು ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ, ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಅವಳು ಸ್ನಾನ ಪೂಜೆ ಮುಗಿಸಿ, ಮಡಿಕೆ ಮುರಿಯದ ಸೀರೆಯುಟ್ಟು, ಚಪ್ಪಲಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಖಾಲಿ ಹೊಟ್ಟೆ. ಈ ಟೆಸ್ಟಿಗೆ ಉಪವಾಸ ಬೇಡವೆಂದು ಲ್ಯಾಬಿನವರು ಹೇಳಿ ಹೇಳಿ ಸೋತಿದ್ದರು. ಬೇಡದಿದ್ದರೆ ಬೇಡ, ಇದ್ದರೆ ನಷ್ಟವೇನು ಎಂಬುದು ಅಕ್ಕನ ನಿಲುವು. ತಿಂದು ಹೋಗಿ ರಕ್ತ ಕೊಡುವುದು ಅವಳಿಗೆ ತಿಂದು ಹೋಗಿ ಪೂಜೆಗೆ ಕೂತಷ್ಟೇ ಅಸಂಗತ.

ಲ್ಯಾಬು ಎರಡು ಕ್ರಾಸ್ ಆಚೆ, ಒಂದು ಹಳೆಯ ಮನೆಯ ಕೆಳಗಿನ ಅಂತಸ್ತಿನಲ್ಲಿತ್ತು. ಹೊರಗೆ ಸಂಪಿಗೆ ಮರ, ಒಳಗೆ ಮರದ ಬೆಂಚು, ಗೋಡೆಗೆ ಯಾವಾಗಲೂ ಒಂದು ತಿಂಗಳು ಹಿಂದಿರುವ ಕ್ಯಾಲೆಂಡರ್. ರಕ್ತ ತೆಗೆಯುವ ಹುಡುಗನಿಗೂ ಅಕ್ಕನಿಗೂ ಪ್ರತಿಸಲ ಒಂದೇ ವ್ಯಾಜ್ಯ. ಅವಳ ನರ ಚೆನ್ನಾಗಿ ಸಿಗುತ್ತಿದ್ದದ್ದು ಎಡಗೈಯಲ್ಲಿ. ಅಕ್ಕ ಮುಂದೆ ಮಾಡುತ್ತಿದ್ದದ್ದು ಬಲಗೈ.

"ಆಂಟಿ, ಎಡಗೈ ಕೊಡಿ, ನೋವಾಗಲ್ಲ."

"ಎಡಗೈಲಿ ಯಾರಿಗಾದ್ರೂ ಏನಾದ್ರೂ ಕೊಡ್ತಾರೇನಪ್ಪ?"

ಅವನು ಬಲಗೈಯಲ್ಲೇ ಹುಡುಕುತ್ತಿದ್ದ. ವರ್ಷಗಳು ಹೋದ ಹಾಗೆ ಅವನ ಬಾಯಲ್ಲಿ ಆಂಟಿ ಹೋಗಿ ಅಜ್ಜಿ ಬಂತು. ಇಷ್ಟು ವರ್ಷದಲ್ಲಿ ಅಕ್ಕನ ಲೆಕ್ಕದಲ್ಲಿ ನಿಜವಾಗಿ ಏರಿದ್ದು ಅದೊಂದೇ.

ಸೂಜಿ ಚುಚ್ಚುವಾಗ ಅವಳು ನನ್ನ ಕೈ ಹಿಡಿಯುತ್ತಿದ್ದಳು, ಹಿಡಿದು "ಕಚ್ಚಬೇಡ" ಎನ್ನುತ್ತಿದ್ದಳು. ಇದಕ್ಕೊಂದು ಪೂರ್ವಕಥೆಯಿದೆ. ನನಗೆ ನಾಲ್ಕೋ ಐದೋ ವರ್ಷವಿದ್ದಾಗ ಅಮ್ಮನಿಗೆ ಬಿಡುವಿಲ್ಲದೆ ಅಕ್ಕನೇ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಡಿಸ್ಪೆನ್ಸರಿಗೆ ಕರೆದೊಯ್ದಿದ್ದಳಂತೆ. ಅಲ್ಲಿ ಕಂಪೌಂಡರು ಪಾತ್ರೆಯೊಂದರಲ್ಲಿ ಸೂಜಿಗಳನ್ನು ಕುದಿಸುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಆಲೂಗಡ್ಡೆ ಬೇಯುತ್ತಿದೆಯೇನೋ ಎಂಬಂಥ ನಿರಾಳ ಮುಖ ಅವರದು. ಚುಚ್ಚಿದ ಕೂಡಲೇ ನಾನು ಕಂಪೌಂಡರನ್ನು ಕಚ್ಚುವ ಬದಲು ಅಕ್ಕನ ಮುಂಗೈ ಕಚ್ಚಿದೆ. ಗುರುತು ಇನ್ನೂ ಇದೆ ಎಂದು ಅವಳು ತೋರಿಸುತ್ತಾಳೆ. ಅಲ್ಲಿ ಏನೂ ಇಲ್ಲ. ಆದರೆ ಅರವತ್ತು ವರ್ಷ ಇದೆ ಎಂದು ಹೇಳಿಕೊಂಡು ಬಂದ ಗುರುತನ್ನು ಇಲ್ಲವೆನ್ನಲು ನಾನು ಯಾರು?

ಲ್ಯಾಬಿನಿಂದ ನೇರ ದರ್ಶಿನಿಗೆ. ರಕ್ತ ಹೋಗಿದೆ ಎಂಬ ಕಾರಣದಿಂದ ಇಡ್ಲಿ ಜೊತೆಗೆ ವಡೆ, ವಡೆಯ ಮೇಲೆ ಇನ್ನೊಂದು ವಡೆ, ಕೊನೆಗೆ ಬೈ ಟೂ ಕಾಫಿ. ಒಂದು ತೊಟ್ಟು ರಕ್ತ ಆಗಬೇಕಾದರೆ ಎಷ್ಟು ತುತ್ತು ಅನ್ನ ಬೇಕು ಗೊತ್ತೇ ಎಂದು ಅಮ್ಮ ಕೇಳುತ್ತಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ನಾವು ನಿಂತುಕೊಂಡು ಆ ಉತ್ತರವನ್ನು ತಿನ್ನುತ್ತಿದ್ದೆವು. ಮದುವೆಯಾಗಿ ಮಕ್ಕಳು ಮೊಮ್ಮಕ್ಕಳಾದ ಮೇಲೆ ಅಕ್ಕ ತಮ್ಮ ಇಬ್ಬರೇ ಕೂತು ಮಾತಾಡುವ ಸಂದರ್ಭ ಯಾವ ಮನೆಯಲ್ಲಿ ಬರುತ್ತದೆ? ನಮಗೆ ಡಾಕ್ಟರು ಚೀಟಿ ಬರೆದುಕೊಟ್ಟು ಒದಗಿಸಿದ್ದರು. ಅಪ್ಪನ ಸೈಕಲ್ಲಿನ ಬೆಲ್ಲು, ಬ್ಲಾಕಿನ ಕೊನೆಯಲ್ಲಿದ್ದ ನೀರಿನ ನಲ್ಲಿಯ ಜಗಳ, ಅಕ್ಕನನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಮತ್ತೆ ಸುದ್ದಿಯಿಲ್ಲದ ಒಬ್ಬ ವರ. ಇವೆಲ್ಲ ಆ ಸ್ಟೀಲ್ ಟೇಬಲ್ಲಿನ ಸುತ್ತ ಪುನಃ ಬದುಕಿ ಬಂದವು. ಸಂಜೆ ರಿಪೋರ್ಟು ಬರುತ್ತಿತ್ತು. ಅಂಕಿ ಮೂರರ ಆಸುಪಾಸು. ಅಕ್ಕ "ಹೂಂ" ಎಂದು, ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು.

ನಿಗಾ ಶುರುವಾದ ಮೇಲಿನ ಎರಡನೆಯ ಬೇಸಿಗೆ ಬಂತು. ಬೇಸಿಗೆಯೆಂದರೆ ಸಂಡಿಗೆ. ಅಕ್ಕನ ಮನೆಯ ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದ ಮೇಲೆ ಅವಳ ಮಹಡಿಗೆ ಬಿಸಿಲು ಬೀಳುವುದು ನಿಂತಿತ್ತು. ರಾಜಾಜಿನಗರದ ನಮ್ಮ ಹಳೆಯ ಮನೆಯ ಮಹಡಿಗೆ ಇನ್ನೂ ಸೂರ್ಯನ ಕೃಪೆ ಇದ್ದದ್ದರಿಂದ, ಏಪ್ರಿಲ್ ಬಂದರೆ ಅಕ್ಕ ಒಂದು ವಾರ ತವರಿಗೆ ಬಂದು ಕೂರುತ್ತಿದ್ದಳು, ಒಂದು ಚೀಲ ಅಕ್ಕಿಹಿಟ್ಟು, ಅಪ್ಪನ ಕಾಲದ ಎರಡು ಪಂಚೆ ಸಮೇತ. ಬೆಳಗಿನ ಜಾವಕ್ಕೇ ಹಿಟ್ಟು ಬೇಯಿಸಬೇಕು. ಜೀರಿಗೆ, ಹಸಿಮೆಣಸು, ಇಂಗು ಬಿದ್ದ ಆ ಬಿಸಿ ಹಿಟ್ಟನ್ನು ಒದ್ದೆ ಪಂಚೆಯ ಮೇಲೆ ಚಮಚದಲ್ಲಿ ಸಾಲಾಗಿ ಇಡಬೇಕು. ಇಟ್ಟವರು ಬಿಸಿಲು ಇಳಿಯುವವರೆಗೆ ಕೋಲು ಹಿಡಿದು ಕಾಗೆ ಕಾಯಬೇಕು. ಕಾಗೆ ಕಾಯುವ ಕೆಲಸ ಬಾಲ್ಯದಿಂದಲೂ ನನ್ನದು. ನಿವೃತ್ತಿ ಆ ಇಲಾಖೆಗೆ ಅನ್ವಯಿಸಿಲ್ಲ.

ಆ ವಾರದಲ್ಲೇ ಪರೀಕ್ಷೆಯ ದಿನ ಬಿತ್ತು. ವಿಜಯನಗರಕ್ಕೆ ಹೋಗಿ ಕೊಟ್ಟು ಬರೋಣ ಎಂದರೆ ಅಕ್ಕ ಕೇಳಲಿಲ್ಲ. ಹಿಟ್ಟು ಒಲೆಯ ಮೇಲಿದೆ, ಬಿಟ್ಟು ಬಂದರೆ ಗಂಟಾಗುತ್ತದೆ. ರಕ್ತ ಎಲ್ಲಿ ಕೊಟ್ಟರೂ ರಕ್ತವೇ. ನಮ್ಮ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಲ್ಯಾಬೊಂದು ಬಂದಿತ್ತು, ಮನೆಗೇ ಬಂದು ರಕ್ತ ಒಯ್ಯುತ್ತಿದ್ದರು. ಫೋನ್ ಮಾಡಿದೆ. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗಿ ಬಂದಳು. ಪೇಷೆಂಟ್ ಎಲ್ಲಿದ್ದಾರೆ ಎಂದು ಕೇಳಿದಳು. ಮಹಡಿ ಮೇಲೆ ಎಂದೆ.

ಆ ದೃಶ್ಯವನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಎರಡು ಪಂಚೆ ತುಂಬ ಬೆಳ್ಳನೆಯ ಸಂಡಿಗೆ. ನಡುವೆ ಮಣೆಯ ಮೇಲೆ ಅಕ್ಕ. ಬಲಗೈ ಮೊಣಕೈವರೆಗೆ ತೊಳೆದುಕೊಂಡು ಹುಡುಗಿಗೆ ಒಪ್ಪಿಸಿದ್ದಾಳೆ, ಎಡಗೈಯಲ್ಲಿ ಕಾಗೆ ಓಡಿಸುವ ಕೋಲು. ನಾನು ಇಬ್ಬರಿಗೂ ಛತ್ರಿ ಹಿಡಿದಿದ್ದೇನೆ. ರಕ್ತ ಟ್ಯೂಬಿಗೆ ಇಳಿಯುತ್ತಿದ್ದಾಗ ಪ್ಯಾರಾಪೆಟ್ಟಿನ ಮೇಲೆ ಕಾಗೆಯೊಂದು ಬಂದು ಕೂತಿತು, ಅಕ್ಕ ಕೈ ಕದಲಿಸದೆ ಕೋಲು ಬೀಸಿದಳು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಹೋಗುವಾಗ ಅವಳ ಅಂಗೈಗೆ ಒಂದು ಎಲೆಚೂರಿನಲ್ಲಿ ಬಿಸಿ ಸಂಡಿಗೆ ಹಿಟ್ಟು ಬಿತ್ತು. ಒಣಗಿದ ಸಂಡಿಗೆಗಿಂತ ಹಸಿ ಹಿಟ್ಟೇ ರುಚಿ ಎಂಬುದು ಸಂಡಿಗೆ ಇಡುವ ಮನೆಗಳಲ್ಲಿ ಎಲ್ಲರಿಗೂ ತಿಳಿದ ಗುಟ್ಟು.

ಮಾರನೆಯ ಮಧ್ಯಾಹ್ನ ರಿಪೋರ್ಟು ನನ್ನ ಫೋನಿಗೆ ಬಂತು. ಅಂಕಿ ದಪ್ಪ ಅಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಸಣ್ಣ ಬಾಣ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಬಾಣ ಅಲ್ಲೇ ಇತ್ತು. ಮಹಡಿ ಹತ್ತಿ ಹೋದೆ. ಅಕ್ಕ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಸಂಡಿಗೆ ಬಿಡಿಸುತ್ತಿದ್ದಳು.

"ಬಂತಾ?"

"ಬಂತು."

"ಎಷ್ಟು?"

"ಐದೂವರೆ."

ಅಕ್ಕ ಕೈಯಲ್ಲಿದ್ದ ಸಂಡಿಗೆಯನ್ನು ಮುರಿದು ನೋಡಿದಳು. ಒಳಗೆ ಇನ್ನೂ ಹಸಿಯಿತ್ತು.

"ಇನ್ನೊಂದು ಬಿಸಿಲು ಬೇಕು" ಎಂದಳು. "ಆ ಕಡೆ ಕಾಗೆ ನೋಡ್ಕೋ."

ಡಾಕ್ಟರು ರಿಪೋರ್ಟನ್ನು ಒಂದು ಸಲ ನೋಡಿ, ತಲೆಬರಹವನ್ನು ಇನ್ನೊಂದು ಸಲ ನೋಡಿದರು. ಇದು ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಸಂಡಿಗೆಯ ಕಾರಣವನ್ನು ನಾನು ಸಾಧ್ಯವಾದಷ್ಟು ಗಂಭೀರವಾಗಿ ನಿವೇದಿಸಿದೆ. ಅವರು ನಗಲಿಲ್ಲ. ಬೇರೆ ಲ್ಯಾಬಿನ ಮೆಷಿನ್ನು ಬೇರೆ ಥರ ಅಳೆಯುತ್ತದೆ, ಇಬ್ಬರದೂ ತಪ್ಪಲ್ಲ, ಆದರೆ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಹಾಗಿಲ್ಲ ಎಂದು, ಅಕ್ಕನ ಕಡೆ ತಿರುಗಿದರು.

"ಅಮ್ಮ, ಇದರಿಂದ ಏರಿದೆ ಅಂತಾನೂ ಹೇಳಲ್ಲ, ಏರಿಲ್ಲ ಅಂತಾನೂ ಹೇಳಲ್ಲ. ಒಂದು ತಿಂಗಳು ಬಿಟ್ಟು ನಿಮ್ಮ ಹಳೇ ಲ್ಯಾಬಲ್ಲೇ ಕೊಡಿ. ಅಲ್ಲೂ ಏರಿದ್ರೆ ಸ್ಕ್ಯಾನ್ ಮಾಡಿಸೋಣ."

ಒಂದೇ ಬಿಡಿಭಾಗವನ್ನು ಎರಡು ಮೈಕ್ರೋಮೀಟರಿನಲ್ಲಿ ಅಳೆದರೆ ಎರಡು ಉತ್ತರ ಬರುತ್ತದೆಂದು ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಆ ಪಾಠವನ್ನು ಆಟೋದಲ್ಲಿ ಬರುವಾಗ ಅಕ್ಕನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅಳತೆಗೆ ಕೂತದ್ದು ಕಬ್ಬಿಣದ ತುಂಡಾಗಿದ್ದರೆ ಇಬ್ಬರೂ ನಂಬುತ್ತಿದ್ದೆವು. ಅಕ್ಕ ರಸ್ತೆ ನೋಡುತ್ತಾ ಕೂತಿದ್ದಳು. ಡಾಕ್ಟರು ಹೇಳಿದ ಅಷ್ಟು ಮಾತಿನಲ್ಲಿ ಅವಳ ಜೊತೆ ಬಂದದ್ದು ಸ್ಕ್ಯಾನ್ ಎಂಬ ಒಂದೇ ಪದ.

ಆ ತಿಂಗಳು ಅಕ್ಕ ಅಟ್ಟ ಖಾಲಿ ಮಾಡಿದಳು.

ನಮ್ಮವರಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಇದೆ. ಮದುವೆಗೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಪಾತ್ರೆ ಉಡುಗೊರೆ ಕೊಡುವವರು ಅಂಗಡಿಯಲ್ಲೇ ನಿಂತು, ಗುರ್ರೆನ್ನುವ ಒಂದು ಮೆಷಿನ್ನಿನಿಂದ ತಮ್ಮ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಿದ್ದರು. ಹೀಗಾಗಿ ಅಕ್ಕನ ಅಡುಗೆಮನೆ ಎಂದರೆ ನೆಂಟರ ಮಹಾಸಭೆ. ಕೆಂಗೇರಿಯ ಚಿಕ್ಕಪ್ಪನ ಮಗಳು ಹುಳಿಪಾತ್ರೆಯಾಗಿದ್ದಳು. ಲಗ್ಗೆರೆಯ ಸೋದರತ್ತೆಯ ಮಗ ಅಗಲ ಬಾಯಿಯ ಡಬರಿ. ಬಸವೇಶ್ವರನಗರದ ಓರಗಿತ್ತಿ ಮುಚ್ಚಳವಿಲ್ಲದ ಬೋಗುಣಿ. ಅಕ್ಕ ಅವರನ್ನೆಲ್ಲ ಅಟ್ಟದಿಂದಲೂ ಶೆಲ್ಫಿನಿಂದಲೂ ಇಳಿಸಿ, ಹುಣಸೆಹಣ್ಣಿನಿಂದ ತಿಕ್ಕಿ, ಒಬ್ಬೊಬ್ಬರನ್ನಾಗಿ ಅವರವರ ಮನೆಗೆ ಹಿಂದಿರುಗಿಸಲು ಹೊರಟಳು. ಹೊರುವವನು ನಾನು.

ಖಾಲಿ ಪಾತ್ರೆ ಕೊಡಬಾರದು ಎಂಬುದು ಇನ್ನೊಂದು ಪದ್ಧತಿ. ಯಾರದೇ ಪಾತ್ರೆ ಹಿಂತಿರುಗಿಸುವಾಗ ಒಳಗೆ ಏನಾದರೂ ಇರಬೇಕು, ಕಡೆಗೆ ಒಂದು ಚಿಟಿಕೆ ಸಕ್ಕರೆಯಾದರೂ. ಅಕ್ಕ ಎಲ್ಲದರಲ್ಲೂ ಆ ವರ್ಷದ ಸಂಡಿಗೆ ತುಂಬಿದಳು. ಅಟ್ಟ ಖಾಲಿ ಮಾಡ್ತಿದೀನಿ, ಇಷ್ಟೊಂದು ಪಾತ್ರೆ ಯಾರು ತೊಳೀತಾರೆ ಎಂದು ಎಲ್ಲ ಮನೆಯಲ್ಲೂ ಒಂದೇ ಮಾತು. ಯಾರೂ ನಂಬಲಿಲ್ಲ, ಯಾರೂ ಕೇಳಲಿಲ್ಲ. ಕೆಂಗೇರಿಯಲ್ಲಿ ಚಿಕ್ಕಪ್ಪನ ಮಗಳು ಹುಳಿಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಆಟೋ ತಿರುಗುವವರೆಗೆ.

ಕೊನೆಯ ಪಾಳಿ ನನ್ನದು. ಮೊದಲ ಸಂಬಳದಲ್ಲಿ ಅಕ್ಕನ ಗೃಹಪ್ರವೇಶಕ್ಕೆ ನಾನು ಕೊಟ್ಟಿದ್ದ ಒಂದು ಉದ್ದನೆಯ ಡಬ್ಬ, ಬಿಗಿ ಮುಚ್ಚಳದ್ದು. ನಲವತ್ತು ವರ್ಷ ಅದರಲ್ಲಿ ಕಾಫಿಪುಡಿ ಇತ್ತು. ಎಷ್ಟು ತೊಳೆದರೂ ಆ ವಾಸನೆ ಹೋಗಿರಲಿಲ್ಲ. ಅಕ್ಕ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಮುಚ್ಚಳ ತೆಗೆಯುವಾಗ ಹುಷಾರು, ಉಗುರು ಹೋಗುತ್ತೆ ಎಂದಳು. ನನ್ನನ್ನು ನೋಡಲಿಲ್ಲ. ನಾನೂ ಆ ಹೊತ್ತಿಗೆ ಕಿಟಕಿಯ ಚಿಲಕವನ್ನು ಪರೀಕ್ಷಿಸುತ್ತಿದ್ದೆ. ಚಿಲಕ ಸರಿಯಾಗಿಯೇ ಇತ್ತು.

ನಮ್ಮ ಮನೆಯಲ್ಲಿ ಆ ಸಂಡಿಗೆಯನ್ನು ಕರಿಯಲು ಯಾರಿಗೂ ಕೈ ಬರಲಿಲ್ಲ. ಡಬ್ಬ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಕೂತಿತು. ನನ್ನ ಹೆಸರು ಗೋಡೆಯ ಕಡೆಗೆ ತಿರುಗಿತ್ತು, ತಿರುಗಿಸಿದ್ದು ಹೆಂಡತಿ.

ತಿಂಗಳು ಕಳೆದು ಹಳೆಯ ಲ್ಯಾಬಿಗೆ ಹೋದೆವು. ಸಂಪಿಗೆ ಮರ, ಬೆಂಚು, ತಿಂಗಳು ತಡವಾದ ಕ್ಯಾಲೆಂಡರ್. ಅಂದು ಅಕ್ಕ ಬಲಗೈಯ ವ್ಯಾಜ್ಯ ಎತ್ತಲಿಲ್ಲ. ಹುಡುಗ ಎಡಗೈ ಕೇಳಿದ, ಅವಳು ಕೊಟ್ಟಳು. ನನ್ನ ಕೈ ಹಿಡಿದಳು, ಕಚ್ಚಬೇಡ ಎನ್ನಲಿಲ್ಲ. ದರ್ಶಿನಿಗೂ ಬೇಡ ಎಂದಳು. ಮನೆಗೆ ಬಂದು ಬೆಳಗಿನ ತಿಂಡಿಯನ್ನು ಮಧ್ಯಾಹ್ನ ತಿಂದೆವು.

ಫೋನಿನಲ್ಲಿ ಬಂದದ್ದನ್ನು ಅಕ್ಕ ನಂಬುತ್ತಿರಲಿಲ್ಲವಾದ್ದರಿಂದ ಸಂಜೆ ನಾನೇ ಹೋಗಿ ಕಾಗದ ತಂದೆ. ಬಾಗಿಲು ತೆರೆದೇ ಇತ್ತು. ಅಕ್ಕ ಅಡುಗೆಮನೆಯಲ್ಲಿ, ಹುಳಿಪಾತ್ರೆ ಕೆಂಗೇರಿಗೆ ಹೋಗಿದ್ದರಿಂದ, ಪುಟ್ಟ ಕುಕ್ಕರಿನಲ್ಲಿ ಹುಳಿ ಕುದಿಸುತ್ತಿದ್ದಳು. ಅದು ಎಲ್ಲ ಕಡೆಗೂ ಚೆಲ್ಲುತ್ತಿತ್ತು.

"ಎರಡು ಮುಕ್ಕಾಲು" ಎಂದೆ.

ಅಕ್ಕ ಒಲೆ ಆರಿಸಿದಳು. ಕಾಗದ ಇಸಿದುಕೊಂಡು, ಕಣ್ಣಿನಿಂದ ದೂರ ಹಿಡಿದು ಓದಿದಳು. ಬಾಣ ಇರಲಿಲ್ಲ. ನಿಧಾನವಾಗಿ ನೆಲದ ಮೇಲೆ ಕೂತಳು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅವಳು ಖಾಲಿ ಅಟ್ಟವನ್ನೇ ನೋಡುತ್ತಿದ್ದಳು.

"ಪಾತ್ರೆ ಎಲ್ಲ ಕೊಟ್ಬಿಟ್ನಲ್ಲೋ."

ಕೊಟ್ಟದ್ದನ್ನು ಕೇಳುವ ಹಾಗಿಲ್ಲ. ನಾನು ಬದುಕಿದೆ, ನನ್ನ ಬೋಗುಣಿ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಅಕ್ಕ ಕೇಳಲಿಲ್ಲ. ನನ್ನ ಹೆಂಡತಿ ಕೆಂಗೇರಿಗೆ ಫೋನ್ ಮಾಡಿ ಮಾತಿನ ನಡುವೆ, ನಮ್ಮ ಅತ್ತಿಗೆ ಪಾಪ ಕುಕ್ಕರಿನಲ್ಲೇ ಹುಳಿ ಮಾಡುತ್ತಿದ್ದಾರೆ, ರಿಪೋರ್ಟ್ ಚೆನ್ನಾಗಿ ಬಂತಲ್ಲ, ಮಾಡಿಕೊಂಡು ತಿನ್ನಲಿ ಎಂದಳಷ್ಟೆ. ಆ ಒಂದು ವಾಕ್ಯ ಪಶ್ಚಿಮ ಬೆಂಗಳೂರಿನ ನೆಂಟರ ಜಾಲದಲ್ಲಿ ಹರಡಿದ ವೇಗವನ್ನು ಯಾವ ಲ್ಯಾಬೂ ಅಳೆಯಲಾರದು.

ಮೊದಲು ಬಂದದ್ದು ಕೆಂಗೇರಿಯ ಹುಳಿಪಾತ್ರೆ, ಕುತ್ತಿಗೆಯವರೆಗೆ ಹಲಸಿನ ತೊಳೆ ತುಂಬಿಕೊಂಡು. ಲಗ್ಗೆರೆಯವನು ಫ್ಯಾಕ್ಟರಿ ಶಿಫ್ಟ್ ಮುಗಿಸಿ ಸ್ಕೂಟರಿನ ಕಾಲ ಬಳಿ ಡಬರಿ ಇಟ್ಟುಕೊಂಡು ಬಂದ. ಅದರಲ್ಲಿ ಅವನ ಹೆಂಡತಿ ಮಾಡಿದ ಮಾವಿನಕಾಯಿ ಚಿತ್ರಾನ್ನ, ಒಂದು ಸಣ್ಣ ಮದುವೆಗೆ ಆಗುವಷ್ಟು. ಬಸವೇಶ್ವರನಗರದ ಓರಗಿತ್ತಿ ಕೈಬಿಗಿಯವಳೆಂದು ಪ್ರಸಿದ್ಧಿ. ಆ ದೊಡ್ಡ ಬೋಗುಣಿಯ ತಳದಲ್ಲಿ ಒಂದೇ ಒಂದು ಚಮಚ ಸಕ್ಕರೆ ಹಾಕಿಕೊಂಡು ಬಂದಳು. ಶಾಸ್ತ್ರ ತಪ್ಪಿರಲಿಲ್ಲ. ಅಕ್ಕ ಆ ಸಕ್ಕರೆಯಲ್ಲೇ ಅವಳಿಗೆ ಕಾಫಿ ಮಾಡಿ ಕೊಟ್ಟು ಲೆಕ್ಕ ಚುಕ್ತಾ ಮಾಡಿದಳು. ಒಂದು ವಾರ ಆ ಮನೆಯಲ್ಲಿ ಒಲೆ ಹಚ್ಚುವ ಅಗತ್ಯವಿರಲಿಲ್ಲ. ಬಂದವರೆಲ್ಲ ಕೂತರು, ತಿಂದರು, 'ಅದರ' ಹೆಸರನ್ನು ಯಾರೂ ಎತ್ತಲಿಲ್ಲ. ಭಾವನ ಕಡೆಯ ಇನ್ನೊಂದು ಮನೆಗೆ ಕೊಟ್ಟಿದ್ದ ಇಡ್ಲಿಪಾತ್ರೆ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಅದನ್ನು ಅಕ್ಕ ಈಗಲೂ ಆಡುತ್ತಾಳೆ: ನಾನು ಉಳ್ಕೊಂಡೆ, ಇಡ್ಲಿಪಾತ್ರೆ ಹೋಯ್ತು.

ನಮ್ಮ ಮನೆಯಲ್ಲಿ ರಿಪೋರ್ಟು ಬಂದ ರಾತ್ರಿಯೇ ಶೆಲ್ಫಿನ ಡಬ್ಬ ಇಳಿಸಿ ಸಂಡಿಗೆ ಕರಿದೆವು. ಎಣ್ಣೆಗೆ ಬಿದ್ದ ಕೂಡಲೇ ಅರಳಿತು. ಅಕ್ಕ ಕೇಳಿದ್ದ ಆ ಇನ್ನೊಂದು ಬಿಸಿಲು ಅದಕ್ಕೆ ಸಿಕ್ಕಿತ್ತು. ಕೊಬ್ಬರಿ ಮಿಠಾಯಿ ತುಂಬಿ ಡಬ್ಬವನ್ನು ವಿಜಯನಗರಕ್ಕೆ ಮುಟ್ಟಿಸಿದೆ. ಮುಂದಿನ ಪರೀಕ್ಷೆಯ ದಿನ ಅದು ಚಟ್ನಿಪುಡಿ ತುಂಬಿಕೊಂಡು ನನ್ನ ಕೈಗೆ ಬಂತು. ಅದಾದ ಪರೀಕ್ಷೆಗೆ ಇಲ್ಲಿಂದ ಚಕ್ಕುಲಿ. ಖಾಲಿ ಕೊಡಬಾರದೆಂದು ಇಬ್ಬರೂ ಹಟ ಹಿಡಿದದ್ದರಿಂದ ಡಬ್ಬ ಎಲ್ಲೂ ನಿಲ್ಲಲಿಲ್ಲ. ಪರ್ಪಲ್ ಲೈನ್, ಗ್ರೀನ್ ಲೈನ್ ಎರಡರಲ್ಲೂ ಅದರಷ್ಟು ಓಡಾಡಿದ ಡಬ್ಬ ಇರಲಾರದು. ಸೆಕ್ಯುರಿಟಿಯಲ್ಲಿ ಬ್ಯಾಗು ಮೆಷಿನ್ನಿನೊಳಗೆ ಹೋದಾಗ ಅಲ್ಲಿನ ಹೆಂಗಸು ಪರದೆ ನೋಡಿ, ಇವತ್ತೇನು ಸಾರ್ ಎಂದು ಕೇಳುವಷ್ಟು ಬಳಕೆಯಾಗಿತ್ತು.

ಐದು ವರ್ಷ ತುಂಬಿದಾಗ ಡಾಕ್ಟರು ಎಲ್ಲ ಕಾಗದಗಳನ್ನು ಸಾಲಾಗಿ ನೋಡಿ ಇನ್ನು ಈ ಟೆಸ್ಟು ಬೇಕಿಲ್ಲ, ಏನಾದರೂ ತೊಂದರೆ ಅನ್ನಿಸಿದರೆ ಮಾತ್ರ ಬನ್ನಿ ಎಂದರು. ನಾನು ಕೈ ಮುಗಿದೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅಕ್ಕ ಕೇಳಿದಳು:

"ಮತ್ತೆ ಹಾಲಿನ ಮುಂದೆ ಯಾರು ನಿಂತ್ಕೊಳ್ಳೋದು?"

"ಒಲೆ ಆರಿಸಾಯ್ತಂತಲ್ಲ ಅಕ್ಕ."

"ಅವರಿಗೇನು ಗೊತ್ತು, ಸಣ್ಣ ಉರೀಲಿ ಇಟ್ಟಿರುತ್ತೆ" ಎಂದಳು. ಆದರೆ ನಡೆಯುತ್ತಾ ನಡೆಯುತ್ತಾ ಸೆರಗಿನಲ್ಲಿ ಎರಡು ಸಲ ಕಣ್ಣು ಒರೆಸಿಕೊಂಡಳು. ಧೂಳು ಎಂದಳು. ಧೂಳು ಇದ್ದದ್ದೂ ನಿಜ.

ಆಮೇಲೆ ಆರು ತಿಂಗಳಾಯಿತು. ಹಳೆಯ ಲೆಕ್ಕದ ಪ್ರಕಾರ ಪರೀಕ್ಷೆ ಬೀಳಬೇಕಾದ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ಎದ್ದಿದೀಯಾ ಎಂದಳು. ಎದ್ದಿದೀನಿ ಎಂದೆ. ಫೋನಿಟ್ಟು ಮೆಟ್ರೊ ಹತ್ತಿದೆ. ನಾನು ಹೋದಾಗ ಅವಳು ಮಡಿಕೆ ಮುರಿಯದ ಸೀರೆಯುಟ್ಟು ಚಪ್ಪಲಿಯ ಪಕ್ಕ ಕುರ್ಚಿಯಲ್ಲಿದ್ದಳು.

"ಏನಾದ್ರೂ ತಿಂದ್ಯಾ?" ಎಂದು ಕೇಳಿದೆ.

"ತಿಂದ್ಕೊಂಡು ಹೋಗೋಕಾಗುತ್ತೇನೋ?"

ದರ್ಶಿನಿಯ ದಾರಿ ಲ್ಯಾಬಿನ ಮುಂದೆಯೇ ಹಾದು ಹೋಗುತ್ತದೆ. ಹುಡುಗ ಬಾಗಿಲಲ್ಲೇ ನಿಂತಿದ್ದ. ಅಜ್ಜಿ, ಇವತ್ತು ಇದೆಯಾ ಎಂದು ಕೇಳಿದ. ಇಲ್ಲಪ್ಪ, ಹೀಗೇ ಬಂದ್ವಿ ಎಂದಳು ಅಕ್ಕ. ಹೋಗದೆ ಅಲ್ಲೇ ನಿಂತು, ಆಮೇಲೆ ಒಳಗೆ ಹೋಗಿ ನಮ್ಮ ಬೆಂಚಿನ ಮೇಲೆ ಕೂತಳು. ನಾನೂ ಕೂತೆ. ಕ್ಯಾಲೆಂಡರು ಆ ಸಲವೂ ಒಂದು ತಿಂಗಳು ಹಿಂದಿತ್ತು. ಒಬ್ಬ ಹೆಂಗಸು ರಕ್ತ ಕೊಡಲು ಒಳಗೆ ಹೋದಳು, ಅವಳ ಜೊತೆಯವನು ನಮ್ಮ ಪಕ್ಕ ಬಂದು ಕೂತು ಗೋಡೆ ನೋಡತೊಡಗಿದ. ಅಕ್ಕ ಬೆಂಚಿನಲ್ಲಿ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದಳು.

"ಎಡಗೈ ಕೇಳ್ತಾನೆ" ಎಂದು ಅವನಿಗೆ ಹೇಳಿದಳು. "ಕೊಡಕ್ಕೆ ಹೇಳಿ, ನೋವಾಗಲ್ಲ."

ಹೊರಗೆ ಬಂದ ಮೇಲೆ ತನ್ನ ಚೀಲದಿಂದ ಡಬ್ಬ ತೆಗೆದು ನನಗೆ ಕೊಟ್ಟಳು. ಭಾರವಾಗಿತ್ತು. ಒಳಗೆ ಏನೆಂದು ಕೇಳಲಿಲ್ಲ. ಇಬ್ಬರೂ ವಡೆ ತಿನ್ನಲು ಹೋದೆವು.